ಹಾಡು ಉಳಿಯಿತು, ಕಟ್ಟಿದವರ ಹೆಸರು ಅಳಿಯಿತು

(ಅಧ್ಯಯನ ಮಂಡಲದ ಸಭೆಯಲ್ಲಿ ಗಿರಣಿ ಕಾರ್ಮಿಕರನ್ನೂ ಪೇಟೆಯ ಚಿಲ್ಲರೆ ವ್ಯಾಪಾರಿ ಮಿತ್ರರನ್ನೂ ಉದ್ದೇಶಿಸಿ ಮಾಡಿದ ಭಾಷಣ)

ಬೋನಸ್ಸು, ತುಟ್ಟಿಭತ್ಯ, ಮಾರಾಟ ತೆರಿಗೆಗಳ ಮಾತಿಗೆ ಸೇರುವ ಜನರ ಮುಂದೆ ನಾನು ಅರಬ್ಬೀ ಸಂಗೀತದ ಮಾತು ಎತ್ತಿರುವುದು ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪಶ್ಚಿಮ ಏಷ್ಯದಿಂದ ಕೆಟ್ಟ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ನಮಗೆ ಒಂದೇ ಪಾಠವನ್ನು ಒಪ್ಪಿಸುತ್ತವೆ: ಅರಬ್ಬನೂ ಯೆಹೂದ್ಯನೂ ಹುಟ್ಟು ವೈರಿಗಳು, ಹಾವು ಮುಂಗುಸಿಗಳಿದ್ದಂತೆ, ಇದು ಸಾವಿರಾರು ವರ್ಷಗಳ ಹಗೆ, ಇದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಈ ಪಾಠ ಸುಳ್ಳು. ಸುಳ್ಳೆಂಬುದಕ್ಕೆ ದೊಡ್ಡ ಗ್ರಂಥಗಳ ಸಾಕ್ಷಿ ಬೇಕಿಲ್ಲ. ಬಾಗ್ದಾದು, ಕೈರೋ, ಕಾನ್‌ಸ್ಟಂಟೈನ್ ನಗರಗಳ ಕಾಫಿ ಅಂಗಡಿಗಳಲ್ಲಿ, ಮದುವೆ ಮನೆಗಳಲ್ಲಿ, ಗ್ರಾಮಫೋನ್ ಪ್ಲೇಟುಗಳಲ್ಲಿ ಕೇಳಿಬಂದ ಸಂಗೀತವೇ ಸಾಕ್ಷಿ. ಆ ಸಂಗೀತವನ್ನು ಮುಸಲ್ಮಾನರೂ ಯೆಹೂದ್ಯರೂ ಕ್ರೈಸ್ತರೂ ಒಂದೇ ಚಾಪೆಯ ಮೇಲೆ ಕುಳಿತು ಕಟ್ಟಿದರು. ಅದನ್ನು ಒಡೆದವರು ಹಾಡುವವರಲ್ಲ, ಕೇಳುವವರೂ ಅಲ್ಲ. ಒಡೆದವರು ಯಾರು ಎಂಬುದೇ ಇವೊತ್ತಿನ ವಿಷಯ.

ಬಾಗ್ದಾದಿನ ಮೇಳ

ನಮ್ಮಲ್ಲಿ ರಾಗವಿದ್ದಂತೆ ಅರಬ್ಬರಲ್ಲಿ ‘ಮಕಾಮ್’ ಉಂಟು. ಇರಾಕಿನಲ್ಲಿ ಈ ಹೆಸರಿಗೆ ಇನ್ನೂ ಒಂದು ಅರ್ಥವಿದೆ. ಹಾಡುವವನು ಒಂದು ಮಕಾಮನ್ನು ಹಿಡಿದು, ಕ್ರಮ ತಪ್ಪದೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಕಾವ್ಯವನ್ನು ವಿಸ್ತರಿಸಿ ಹಾಡುವ ಇಡೀ ಪದ್ಧತಿಗೇ ಅಲ್ಲಿ ಮಕಾಮ್ ಎನ್ನುತ್ತಾರೆ. ಅವನ ಜೊತೆಗಿರುವ ಸಣ್ಣ ಮೇಳಕ್ಕೆ ‘ಚಾಲ್ಘಿ’ ಎಂದು ಹೆಸರು. ಅದರಲ್ಲಿ ಕಡ್ಡಿಗಳಿಂದ ಬಡಿದು ನುಡಿಸುವ ಸಂತೂರ್ ಇರುತ್ತದೆ, ಕಮಾನಿನಿಂದ ಉಜ್ಜುವ ‘ಜೋಜಾ’ ಇರುತ್ತದೆ, ಚರ್ಮವಾದ್ಯಗಳಿರುತ್ತವೆ. ಈ ಜೋಜಾ ಎಂಬುದರ ಬುರುಡೆ ಯಾವುದು ಬಲ್ಲಿರಾ? ತೆಂಗಿನ ಚಿಪ್ಪು! ಬಾಗ್ದಾದಿನಲ್ಲಿ ಬೆಳೆಯುವುದು ಖರ್ಜೂರ. ತೆಂಗು ಕಡಲಾಚೆಯಿಂದ ಬರಬೇಕು. ತೆಂಗಿನಕಾಯಿಗೆ ಅರಬ್ಬಿಯಲ್ಲಿ ‘ಹಿಂದೂಸ್ಥಾನದ ಕಾಯಿ’ ಎಂಬರ್ಥದ ಹೆಸರೇ ಇದೆ. ಬಾಗ್ದಾದಿನ ಸಂಗೀತ ಬಾಗ್ದಾದಿನದು ಮಾತ್ರ ಎಂದು ಹೇಳುವವನು ಮೊದಲು ಆ ಚಿಪ್ಪಿಗೆ ಉತ್ತರ ಕೊಡಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಗ್ದಾದಿನ ಜನರಲ್ಲಿ ಸುಮಾರು ಕಾಲು ಭಾಗ ಯೆಹೂದ್ಯರಿದ್ದರು. ಅವರು ನಿನ್ನೆ ಮೊನ್ನೆ ಬಂದವರಲ್ಲ. ಇಸ್ಲಾಮ್ ಧರ್ಮ ಹುಟ್ಟುವುದಕ್ಕೂ ಸಾವಿರ ವರ್ಷ ಮೊದಲಿನಿಂದ ಆ ನದಿಗಳ ದಡದಲ್ಲಿ ಬಾಳಿದವರು. ಅವರ ಮನೆಮಾತು ಅರಬ್ಬಿ. ತಮ್ಮ ಪ್ರಾರ್ಥನಾ ಮಂದಿರದಲ್ಲಿ ಹೀಬ್ರೂ ಸ್ತೋತ್ರಗಳನ್ನು ಹಾಡುವಾಗಲೂ ಮುಸಲ್ಮಾನ ಗಾಯಕರು ಹಾಡುತ್ತಿದ್ದ ಅದೇ ಮಕಾಮುಗಳಲ್ಲಿ ಹಾಡುತ್ತಿದ್ದರು.

ಮೇಳದಲ್ಲಿ ವಾದ್ಯ ನುಡಿಸುವವರಲ್ಲಿ ಯೆಹೂದ್ಯರೇ ಹೆಚ್ಚು. ಇದಕ್ಕೆ ಕಾರಣವಿತ್ತು. ಕೂಲಿಗಾಗಿ ವಾದ್ಯ ನುಡಿಸುವುದು ಮರ್ಯಾದಸ್ಥರ ಕಸುಬಲ್ಲ ಎಂಬ ಭಾವನೆ ಮುಸಲ್ಮಾನ ಮನೆತನಗಳಲ್ಲಿ ಇತ್ತು. ಹೀಗಾಗಿ ಎಲ್ಲರಿಗೂ ಬೇಕಾದ, ಆದರೆ ಯಾರೂ ತಮ್ಮ ಮಗನಿಗೆ ಕಲಿಸಲು ಒಪ್ಪದ ಆ ಕೆಲಸ ಅಲ್ಪಸಂಖ್ಯಾತರ ಪಾಲಿಗೆ ಬಂತು. ಓಲಗದವರನ್ನು ಮದುವೆಗೆ ಕರೆಸಿ, ಊಟದ ಹೊತ್ತಿಗೆ ಪಂಕ್ತಿಯ ಹೊರಗೆ ಕೂರಿಸಿದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಹಿಂದಿನ ಕಾಲವೆಲ್ಲ ಹಾಲು ಜೇನು ಎಂದು ನಾನು ಹೇಳುತ್ತಿಲ್ಲ. ಏರುಪೇರು ಅಲ್ಲಿಯೂ ಇತ್ತು. ಆದರೆ ಆ ಏರುಪೇರಿನ ನಡುವೆಯೇ ಒಂದು ಕೂಡುಕಸುಬು ಬೆಳೆಯಿತು. ಹಾಡುವವನಿಗೆ ನುಡಿಸುವವನು ಬೇಕು, ನುಡಿಸುವವನಿಗೆ ಹಾಡುವವನು ಬೇಕು. ಮಗ್ಗಕ್ಕೆ ಹಾಸೂ ಬೇಕು, ಹೊಕ್ಕೂ ಬೇಕು.

೧೯೩೨ರಲ್ಲಿ ಈಜಿಪ್ಟಿನ ದೊರೆ ಫುವಾದ್ ಕೈರೋ ನಗರದಲ್ಲಿ ಅರಬ್ಬೀ ಸಂಗೀತದ ದೊಡ್ಡ ಸಮ್ಮೇಳನವನ್ನು ಕೂಡಿಸಿದನು. ಮೊರಾಕ್ಕೊದಿಂದ ಇರಾಕಿನವರೆಗೆ ಮೇಳಗಳು ಬಂದವು. ಯೂರೋಪಿನಿಂದ ಬೇಲಾ ಬಾರ್ಟೋಕ್, ಪಾಲ್ ಹಿಂಡೆಮಿತ್ ಮೊದಲಾದ ದೊಡ್ಡ ಸಂಗೀತಗಾರರು ಬಂದರು. ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿ ಮೇಳಗಳ ಸಂಗೀತವನ್ನು ಪ್ಲೇಟುಗಳಲ್ಲಿ ಹಿಡಿಯಿತು. ಇರಾಕಿನ ಪರವಾಗಿ ಹಾಡಿದವನು ಮಹಮ್ಮದ್ ಅಲ್-ಕುಬ್ಬಾಂಜಿ ಎಂಬ ಮುಸಲ್ಮಾನ ಗಾಯಕ. ಅವನ ಹಿಂದೆ ಕುಳಿತು ವಾದ್ಯ ನುಡಿಸಿದವರು ಎಲ್ಲರೂ ಯೆಹೂದ್ಯರು. ಊದ್ ಎಂಬ ತಂತಿವಾದ್ಯವನ್ನು ನುಡಿಸಿದ ಅಜೂರಿ ಹಾರೂನ್ ದೊರೆಯಿಂದ ವಿಶೇಷ ಮನ್ನಣೆಯನ್ನೂ ಪಡೆದನು. ಅರಬ್ ಜಗತ್ತಿನ ಎದುರಿಗೆ ‘ಇದು ನಮ್ಮ ಸಂಗೀತ’ ಎಂದು ಇರಾಕು ಮುಂದಿಟ್ಟ ಮೇಳ ಹೀಗಿತ್ತು. ಇದು ನಿಮ್ಮದೋ ನಮ್ಮದೋ ಎಂದು ಆಗ ಯಾರೂ ಜಗಳ ತೆಗೆಯಲಿಲ್ಲ.

ಇಬ್ಬರು ಅಣ್ಣತಮ್ಮಂದಿರು

ಈಗ ಇಬ್ಬರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಾಲಿಹ್ ಅಲ್-ಕುವೈತಿ, ದಾವೂದ್ ಅಲ್-ಕುವೈತಿ ಎಂಬ ಅಣ್ಣತಮ್ಮಂದಿರು. ಅಣ್ಣ ಹುಟ್ಟಿದ್ದು ೧೯೦೮ರಲ್ಲಿ, ತಮ್ಮ ೧೯೧೦ರಲ್ಲಿ, ಇಬ್ಬರೂ ಕುವೈತಿನಲ್ಲಿ. ಬಸ್ರಾದಿಂದ ಬಂದ ಯೆಹೂದ್ಯ ವ್ಯಾಪಾರಿಗಳ ಮನೆತನ ಅವರದು. ಆಗಿನ ಕುವೈತು ಎಣ್ಣೆಯ ಕುವೈತಲ್ಲ, ಮುತ್ತು ಮತ್ತು ಹಡಗಿನ ಕುವೈತು. ಅಲ್ಲಿಯ ಹಡಗುಗಳು ಮುಂಬಯಿಗೂ ನಮ್ಮ ಪಡುವಣ ಕರಾವಳಿಗೂ ಬಂದು ಮರಮುಟ್ಟು, ಅಕ್ಕಿಗಳನ್ನು ತುಂಬಿಕೊಂಡು ಹೋಗುತ್ತಿದ್ದವು. ೧೯೬೧ರಲ್ಲಿ ತನ್ನದೇ ದಿನಾರು ಬರುವ ತನಕ ಆ ಪೇಟೆಯಲ್ಲಿ ರೂಪಾಯಿಯೇ ನಡೆಯುತ್ತಿತ್ತು. ಈ ಹುಡುಗರಿಗೆ ಮೊದಲ ಪಿಟೀಲನ್ನೂ ಊದ್ ವಾದ್ಯವನ್ನೂ ತಂದುಕೊಟ್ಟವರು ವ್ಯಾಪಾರಕ್ಕಾಗಿ ಹಿಂದೂಸ್ಥಾನಕ್ಕೆ ಹೋಗಿಬಂದ ಅವರ ಬಂಧುವೆಂದು ಮನೆಯವರು ಹೇಳಿದ್ದಾರೆ. ಕುವೈತಿನ ಮುಸಲ್ಮಾನ ಕಲಾವಿದ ಖಾಲಿದ್ ಅಲ್-ಬಕರ್ ಅವರ ಮೊದಲ ಗುರು.

ಹುಡುಗರು ಬೆಳೆದು ಬಸ್ರಾಕ್ಕೆ ಬಂದರು, ಅಲ್ಲಿಂದ ಬಾಗ್ದಾದಿಗೆ. ಸಾಲಿಹ್ ಪಿಟೀಲು ಹಿಡಿದ, ದಾವೂದ್ ಊದ್ ಹಿಡಿದು ಹಾಡಿದ. ಸಾಲಿಹ್ ಬರಿಯ ವಾದ್ಯಗಾರನಾಗಿ ಉಳಿಯಲಿಲ್ಲ, ನೂರಾರು ಹಾಡುಗಳಿಗೆ ಮಟ್ಟು ಹಾಕಿದನು. ಮಕಾಮಿನ ದೀರ್ಘ ಪದ್ಧತಿಯ ಪಕ್ಕದಲ್ಲಿ, ದುಡಿದು ಬಂದವನೂ ಕೇಳಿ ಗುನುಗಬಹುದಾದ ಹೊಸ ಇರಾಕಿ ಹಾಡು ರೂಪುಗೊಂಡದ್ದು ಬಹುಮಟ್ಟಿಗೆ ಇವನ ಕೈಯಲ್ಲಿ. ಯೆಹೂದ್ಯ ಗಾಯಕಿ ಸಲೀಮಾ ಮುರಾದ್ ಇವನ ಹಾಡುಗಳನ್ನು ಹಾಡಿ ಇರಾಕಿನ ಮನೆಮನೆಗೂ ಪರಿಚಿತಳಾದಳು. ೧೯೩೨ರಲ್ಲಿ ಈಜಿಪ್ಟಿನ ಮಹಾಗಾಯಕಿ ಉಮ್ ಕುಲ್ಸೂಮ್ ಬಾಗ್ದಾದಿಗೆ ಬಂದಾಗ, ಸಲೀಮಾಗಾಗಿ ಸಾಲಿಹ್ ಕಟ್ಟಿದ್ದ ಹಾಡೊಂದನ್ನು ಮೆಚ್ಚಿ, ಕಲಿತು, ತಾನೇ ಹಾಡಿದಳು. ೧೯೩೬ರಲ್ಲಿ ಇರಾಕಿನ ಆಕಾಶವಾಣಿ ಪ್ರಾರಂಭವಾದಾಗ ಅದರ ವಾದ್ಯವೃಂದವನ್ನು ಕಟ್ಟಿ ನಡೆಸಿದವರು ಈ ಅಣ್ಣತಮ್ಮಂದಿರೇ.

ಒಡಕು ಎಲ್ಲಿಂದ ಬಂತು?

ಹೀಗಿದ್ದ ಊರು ಹತ್ತು ಹದಿನೈದು ವರ್ಷಗಳಲ್ಲಿ ಹೇಗೆ ಕೆಟ್ಟಿತು? ಕೈಗಳು ಹಲವು. ಒಂದೊಂದಾಗಿ ನೋಡೋಣ.

ಮೊದಲನೆಯದು ಬ್ರಿಟಿಷ್ ಸಾಮ್ರಾಜ್ಯಶಾಹಿಯ ಕೈ. ೧೯೧೭ರಲ್ಲಿ ಬ್ರಿಟನ್ನಿನ ಮಂತ್ರಿ ಬಾಲ್ಫರ್ ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯನ್ನು ಮಾಡಿಕೊಡುವುದಾಗಿ ಮಾತು ಕೊಟ್ಟನು. ಆ ನೆಲದಲ್ಲಿ ಉತ್ತು ಬಿತ್ತುತ್ತಿದ್ದ ಅರಬ್ ರೈತನನ್ನು ಅವನು ಕೇಳಲಿಲ್ಲ; ಬಾಗ್ದಾದಿನ ಯೆಹೂದ್ಯ ವಾದ್ಯಗಾರನನ್ನೂ ಕೇಳಲಿಲ್ಲ. ಇರಾಕಿನಲ್ಲಿ ತಮಗೆ ಬೇಕಾದ ದೊರೆಯನ್ನು ಕೂರಿಸಿ, ಎಣ್ಣೆಯ ಮೇಲೆ ಕೈಯಿಟ್ಟು, ಜನರ ಸಿಟ್ಟನ್ನು ಬೇರೆ ದಿಕ್ಕಿಗೆ ಹರಿಯಬಿಟ್ಟರು.

ಎರಡನೆಯದು ನಾಜಿಗಳ ವಿಷ. ೧೯೩೦ರ ದಶಕದಲ್ಲಿ ಬಾಗ್ದಾದಿನಲ್ಲಿ ಜರ್ಮನಿಯ ಪ್ರಚಾರ ಜೋರಾಗಿತ್ತು. ೧೯೪೧ರಲ್ಲಿ ಜರ್ಮನಿಯ ನೆರವು ನೆಚ್ಚಿದ ರಶೀದ್ ಅಲಿಯ ಸರಕಾರ ಬ್ರಿಟಿಷರೆದುರು ಸೋತು ಬಿದ್ದಾಗ, ಜೂನ್ ೧ ಮತ್ತು ೨ರಂದು ಬಾಗ್ದಾದಿನ ಯೆಹೂದ್ಯರ ಕೇರಿಗಳ ಮೇಲೆ ದಾಳಿ ನಡೆಯಿತು. ಅದನ್ನು ‘ಫರ್ಹೂದ್’ ಎನ್ನುತ್ತಾರೆ. ೧೫೦ಕ್ಕೂ ಹೆಚ್ಚು ಯೆಹೂದ್ಯರು ಸತ್ತರು. ಮನೆ ಅಂಗಡಿಗಳು ಲೂಟಿಯಾದವು. ಬ್ರಿಟಿಷ್ ಸೈನ್ಯ ಊರ ಹೊರಗಿದ್ದೂ ಒಳಗೆ ಬರಲಿಲ್ಲ. ಆ ಎರಡು ದಿನ ಅನೇಕ ಮುಸಲ್ಮಾನ ನೆರೆಹೊರೆಯವರು ಯೆಹೂದ್ಯ ಸಂಸಾರಗಳನ್ನು ತಮ್ಮ ಮನೆಯೊಳಗೆ ಬಚ್ಚಿಟ್ಟು, ಬಾಗಿಲಲ್ಲಿ ತಾವು ನಿಂತರು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಚರಿತ್ರೆಯಲ್ಲ, ಪ್ರಚಾರ.

ಇಲ್ಲಿ ಇನ್ನೊಂದು ಸಂಗತಿ. ‘ಯೆಹೂದ್ಯನೆಂದರೆ ಸಾಹುಕಾರ’ ಎಂಬ ಮಾತನ್ನು ನೀವು ಕೇಳಿರಬಹುದು. ಬಾಗ್ದಾದಿನಿಂದ ಮುಂಬಯಿಗೆ ಬಂದು, ಅಫೀಮು ಹತ್ತಿಗಳಲ್ಲಿ ಗಳಿಸಿ, ಬಟ್ಟೆ ಗಿರಣಿಗಳನ್ನು ಕಟ್ಟಿದ ಸಸೂನ್ ಮನೆತನದವರು ಸಾಹುಕಾರರೇ ಸರಿ. ಅವರ ಗಿರಣಿಗಳಲ್ಲಿ ದುಡಿದವರಿಗೆ ಅದು ಗೊತ್ತು. ಆದರೆ ಫರ್ಹೂದಿನಲ್ಲಿ ದೊಡ್ಡ ಪಾಲಿನ ಪೆಟ್ಟು ಬಿದ್ದದ್ದು ಬಾಗ್ದಾದಿನ ಬಡ ಕೇರಿಗಳ ಮೇಲೆ. ಒಂದು ಮತದ ಸಾಹುಕಾರನ ಲೆಕ್ಕವನ್ನು ಅದೇ ಮತದ ಬಡವನ ಬೆನ್ನಿನ ಮೇಲೆ ತೀರಿಸುವುದು ಎಲ್ಲ ದೇಶಗಳಲ್ಲಿಯೂ ನಡೆದಿರುವ ಅನ್ಯಾಯ. ಅದರಿಂದ ಸಾಹುಕಾರನ ತಿಜೋರಿಗೆ ಏನೂ ಆಗುವುದಿಲ್ಲ.

ಮೂರನೆಯದು ಇರಾಕಿನ ಆಳುವ ಗುಂಪು. ಆ ದೇಶದ ಯೆಹೂದ್ಯ ತರುಣರಲ್ಲಿ ಅನೇಕರು ಎಡಪಂಥೀಯರಾಗಿ, ‘ಇರಾಕೇ ನಮ್ಮ ದೇಶ’ ಎಂದು ಹೇಳಿ, ಜಿಯೋನಿಸಮ್ಮಿನ ವಿರುದ್ಧವೇ ಒಂದು ಸಂಘವನ್ನು ಕಟ್ಟಿದ್ದರು. ೧೯೪೬ರಲ್ಲಿ ಸರಕಾರ ಅದಕ್ಕೆ ಪರವಾನಗಿಯನ್ನು ಕೊಟ್ಟಿತು, ಅದೇ ವರ್ಷ ಅದನ್ನು ಮುಚ್ಚಿಸಿತು. ಯೆಹೂದ್ಯನೂ ಮುಸಲ್ಮಾನನೂ ಕೂಡಿ ರೊಟ್ಟಿಯ ಮಾತಾಡುವುದು ಆಳುವವರಿಗೆ ಜಿಯೋನಿಸಮ್ಮಿಗಿಂತ ದೊಡ್ಡ ಭಯವಾಗಿ ಕಂಡಿತು. ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿತು. ಸುಮಾರು ೭ ಲಕ್ಷ ಪ್ಯಾಲೆಸ್ಟೈನಿ ಅರಬ್ಬರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಆ ಯುದ್ಧದಲ್ಲಿ ಸೋತ ಅರಬ್ ಸರಕಾರಗಳು ತಮ್ಮ ಸೋಲಿನ ಸಿಟ್ಟನ್ನು ಮನೆಯೊಳಗಿನ ಯೆಹೂದ್ಯರ ಮೇಲೆ ತೋರಿಸಿದವು. ನೌಕರಿಗಳು ಹೋದವು, ಬಂಧನಗಳಾದವು. ೧೯೫೦ರ ಮಾರ್ಚಿಯಲ್ಲಿ ಇರಾಕು ಒಂದು ಕಾನೂನು ಮಾಡಿತು: ಹೋಗುವ ಯೆಹೂದ್ಯರು ಹೋಗಲಿ, ಪೌರತ್ವವನ್ನು ಬಿಟ್ಟುಕೊಟ್ಟು ಹೋಗಲಿ. ಒಂದು ವರ್ಷದ ನಂತರ, ೧೯೫೧ರ ಮಾರ್ಚಿಯಲ್ಲಿ, ಹೀಗೆ ಹೆಸರು ಬರೆಸಿದವರ ಆಸ್ತಿಯನ್ನೆಲ್ಲ ಸರಕಾರ ತಡೆಹಿಡಿಯಿತು. ಇಸ್ರೇಲಿಗೂ ಜನ ಬೇಕಾಗಿದ್ದರು; ಅದು ವಿಮಾನಗಳನ್ನು ಏರ್ಪಡಿಸಿತು. ೧೯೫೦-೫೧ರಲ್ಲಿ ಸುಮಾರು ೧ ಲಕ್ಷ ೨೦ ಸಾವಿರ ಯೆಹೂದ್ಯರು ಇರಾಕನ್ನು ಬಿಟ್ಟರು. ಎರಡೂವರೆ ಸಾವಿರ ವರ್ಷಗಳ ಬಾಳು ಒಂದು ಕೈಚೀಲಕ್ಕೆ ಇಳಿಯಿತು.

ಸಾಲಿಹ್ ಮತ್ತು ದಾವೂದ್ ೧೯೫೧ರಲ್ಲಿ ಹೋದರು. ಸಲೀಮಾ ಮುರಾದ್ ಹೋಗಲಿಲ್ಲ. ನಾಜಿಮ್ ಅಲ್-ಗಜಾಲಿ ಎಂಬ ಮುಸಲ್ಮಾನ ಗಾಯಕನನ್ನು ಮದುವೆಯಾಗಿ ಬಾಗ್ದಾದಿನಲ್ಲಿಯೇ ಉಳಿದಳು. ೧೯೬೩ರಲ್ಲಿ ಗಂಡ ತೀರಿಕೊಂಡನು. ೧೯೭೪ರಲ್ಲಿ ಅವಳು ತೀರಿಕೊಂಡಳು. ಬಾಗ್ದಾದಿನ ಮಕಾಮ್ ಮೇಳಗಳು ಕೈಕಳೆದುಕೊಂಡಂತಾದವು. ಹಾಶಿಮ್ ಅಲ್-ರಜಬ್, ಶೂಬಿ ಇಬ್ರಾಹೀಮ್ ಮೊದಲಾದ ಮುಸಲ್ಮಾನ ಕಲಾವಿದರು ಸಂತೂರನ್ನೂ ಜೋಜಾವನ್ನೂ ಕೈಗೆತ್ತಿಕೊಂಡು ಪರಂಪರೆ ಕಡಿಯದಂತೆ ನೋಡಿಕೊಂಡರು.

ಎರಡು ಸರಕಾರಗಳು, ಒಂದೇ ನ್ಯಾಯ

ಹೊಸ ದೇಶದಲ್ಲಿ ಅಣ್ಣತಮ್ಮಂದಿರಿಗೆ ಏನು ಸಿಕ್ಕಿತು? ಅಲ್ಲಿ ಅಧಿಕಾರ ಯೂರೋಪಿನಿಂದ ಬಂದ ಯೆಹೂದ್ಯರ ಕೈಯಲ್ಲಿತ್ತು. ಅವರ ಕಣ್ಣಿಗೆ ಅರಬ್ಬಿ ಶತ್ರುವಿನ ಭಾಷೆ, ಅರಬ್ಬೀ ಸಂಗೀತ ಹಿಂದುಳಿದವರ ಗಲಾಟೆ. ಇರಾಕಿನಿಂದ ಬಂದವರನ್ನು ಡೇರೆ ತಗಡುಗಳ ಶಿಬಿರಗಳಲ್ಲಿ ಇಟ್ಟರು. ದೊರೆಗಳ ಮುಂದೆ ನುಡಿಸಿದ್ದ, ಒಂದು ದೇಶದ ಆಕಾಶವಾಣಿಯ ವಾದ್ಯವೃಂದವನ್ನು ಕಟ್ಟಿದ್ದ ಈ ಇಬ್ಬರು ಟೆಲ್ ಅವೀವಿನ ಹತಿಕ್ವಾ ಎಂಬ ಬಡವರ ಬಡಾವಣೆಯ ಸಂತೆಯಲ್ಲಿ ಅಡಿಗೆ ಪಾತ್ರೆ ಸಾಮಾನುಗಳ ಅಂಗಡಿ ಇಟ್ಟರು. ಅಂಗಡಿ ಇಡುವುದು ಅವಮಾನವೆಂದು ನಾನು ಹೇಳುವುದಿಲ್ಲ. ಇಲ್ಲಿ ಕುಳಿತಿರುವ ವ್ಯಾಪಾರಿ ಮಿತ್ರರು ತಪ್ಪು ತಿಳಿಯಬಾರದು. ಕೈಯಲ್ಲಿ ಒಂದು ಕಸುಬು ಇದ್ದವನಿಗೆ ಆ ಕಸುಬು ಬೇಡವೆಂದು ಒಂದು ದೇಶವೇ ಹೇಳುವುದು ಅವಮಾನ. ಅಲ್ಲಿಯ ಆಕಾಶವಾಣಿಯ ಅರಬ್ಬೀ ವಿಭಾಗದಲ್ಲಿ ಅವರಿಗೆ ನುಡಿಸಲು ಅವಕಾಶವಿತ್ತು, ಆದರೆ ಆ ವಿಭಾಗವಿದ್ದದ್ದು ಮುಖ್ಯವಾಗಿ ಗಡಿಯಾಚೆಯ ಅರಬ್ಬರಿಗೆ ಕೇಳಿಸಲೆಂದು. ಗಡಿಯಾಚೆ ಜನ ಕೇಳಿದರು ಕೂಡ. ವಿಮಾನದಲ್ಲಿ ಹೊರಗೆ ಕಳಿಸಿದ ಹಾಡು ರೇಡಿಯೋದಲ್ಲಿ ಮನೆಗೆ ಮರಳಿತು! ಅದನ್ನು ತಡೆಯುವ ಸುಂಕದ ಕಟ್ಟೆ ಎಲ್ಲಿಯೂ ಇರಲಿಲ್ಲ. ದಾವೂದ್ ೧೯೭೬ರಲ್ಲಿ, ಸಾಲಿಹ್ ೧೯೮೬ರಲ್ಲಿ ತೀರಿಕೊಂಡರು.

ಇತ್ತ ಇರಾಕಿನಲ್ಲಿ ಹಾಡುಗಳು ನಿಲ್ಲಲಿಲ್ಲ. ನಿಲ್ಲಿಸಲು ಸಾಧ್ಯವೂ ಇರಲಿಲ್ಲ, ಮದುವೆ ನಡೆಯಬೇಕಲ್ಲ! ಅದಕ್ಕೆ ಆಳುವವರು ಸುಲಭವಾದ ಉಪಾಯ ಕಂಡುಕೊಂಡರು. ಹಾಡು ಇರಲಿ, ಹೆಸರು ಬೇಡ. ೧೯೭೦ರ ದಶಕದಲ್ಲಿ ಬಾಥ್ ಪಕ್ಷದ ಆಡಳಿತದಲ್ಲಿ ಈ ಅಣ್ಣತಮ್ಮಂದಿರ ಹೆಸರು ಆಕಾಶವಾಣಿಯಿಂದಲೂ ಪುಸ್ತಕಗಳಿಂದಲೂ ಹೋಯಿತು. ಹೆಸರಿದ್ದ ಜಾಗದಲ್ಲಿ ‘ಪಾರಂಪರಿಕ ಗೀತೆ’ ಎಂಬ ಮಾತು ಬಂದು ಕುಳಿತಿತು. ಬಾಗ್ದಾದಿನ ಹುಡುಗರು ಆ ಹಾಡುಗಳನ್ನು ಹಾಡುತ್ತ ಬೆಳೆದರು. ಅವನ್ನು ಕಟ್ಟಿದವನು ಇನ್ನೂ ಬದುಕಿದ್ದಾನೆ, ಅವನು ಯೆಹೂದ್ಯ ಎಂಬುದು ಅವರಿಗೆ ತಿಳಿಯದೆ ಹೋಯಿತು.

ಮಿತ್ರರೆ, ಗಮನವಿಟ್ಟು ನೋಡಿ. ಒಂದು ಸರಕಾರ ಹಾಡನ್ನು ಇಟ್ಟುಕೊಂಡು ಮನುಷ್ಯನನ್ನು ಅಳಿಸಿತು. ಇನ್ನೊಂದು ಸರಕಾರ ಮನುಷ್ಯನನ್ನು ಇಟ್ಟುಕೊಂಡು ಹಾಡನ್ನು ಮೂಲೆಗೆ ತಳ್ಳಿತು. ಒಬ್ಬರಿಗೊಬ್ಬರು ಬದ್ಧ ವೈರಿಗಳಾದ ಈ ಎರಡು ಸರಕಾರಗಳು ಒಂದು ಮಾತಿನಲ್ಲಿ ಒಮ್ಮತದಲ್ಲಿದ್ದವು: ‘ಅರಬ್ ಯೆಹೂದ್ಯ’ ಎಂಬ ಮನುಷ್ಯ ಇರಕೂಡದು. ಏಕೆ? ಅವನು ಇದ್ದರೆ ಹುಟ್ಟು ಹಗೆಯ ಕಥೆ ನಿಲ್ಲುವುದಿಲ್ಲ. ಆ ಕಥೆ ನಿಲ್ಲದಿದ್ದರೆ ಎರಡು ಕಡೆಯ ಬಡವರೂ ತಮ್ಮ ತಮ್ಮ ಆಳುವವರನ್ನು ಲೆಕ್ಕ ಕೇಳಲು ತೊಡಗುತ್ತಾರೆ.

ಕೈರೋ, ಕಾನ್‌ಸ್ಟಂಟೈನ್

ಇರಾಕಿನಲ್ಲಿ ಮಾತ್ರ ಹೀಗಾಯಿತೆಂದು ತಿಳಿಯಬೇಡಿ. ಈಜಿಪ್ಟಿನ ಹೊಸ ಸಂಗೀತವನ್ನು ಬೆಳೆಸಿದವರಲ್ಲಿ ದಾವೂದ್ ಹುಸ್ನಿ ಎಂಬ ಯೆಹೂದ್ಯ ಸಂಗೀತಕಾರ ಒಬ್ಬನು. ಉಮ್ ಕುಲ್ಸೂಮ್ ಅವನ ಹಾಡುಗಳನ್ನು ಹಾಡಿದಳು. ಅಸ್ಮಹಾನ್ ಎಂಬ ಪ್ರಸಿದ್ಧ ಗಾಯಕಿಗೆ ಆ ಹೆಸರನ್ನು ಕೊಟ್ಟವನೂ ಅವನೇ. ೧೯೧೮ರಲ್ಲಿ ಹುಟ್ಟಿದ ಲೈಲಾ ಮುರಾದ್ ಯೆಹೂದ್ಯ ಗಾಯಕನೊಬ್ಬನ ಮಗಳು. ಚಲಚ್ಚಿತ್ರಗಳಲ್ಲಿ ಹಾಡಿ, ನಟಿಸಿ, ಈಜಿಪ್ಟಿನ ಜನರ ಕಣ್ಮಣಿಯಾದಳು. ಇಸ್ಲಾಮ್ ಧರ್ಮವನ್ನೂ ಸ್ವೀಕರಿಸಿದಳು. ಆದರೂ ೧೯೫೨ರಲ್ಲಿ, ಅವಳು ಇಸ್ರೇಲಿಗೆ ಹಣ ಕೊಟ್ಟಳೆಂಬ ಗಾಳಿಮಾತು ಎದ್ದಿತು. ಈಜಿಪ್ಟಿನ ಅಧಿಕಾರಿಗಳೇ ವಿಚಾರಣೆ ಮಾಡಿ ಅದು ಸುಳ್ಳೆಂದು ಸಾರಿದರು. ಸಿರಿಯಾದಲ್ಲಿ ಅವಳ ಮೇಲೆ ಬಹಿಷ್ಕಾರ ಬಿದ್ದೇಬಿಟ್ಟಿತ್ತು. ೧೯೫೫ರ ನಂತರ ಅವಳು ಚಿತ್ರಗಳಲ್ಲಿ ಕಾಣಿಸಲಿಲ್ಲ. ಬದುಕಿದ್ದು ೧೯೯೫ರ ತನಕ.

ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರದಲ್ಲಿ ಸ್ಪೇನಿನ ಮುಸಲ್ಮಾನರ ಕಾಲದಿಂದ ಬಂದ ‘ಮಲೂಫ್’ ಎಂಬ ಸಂಗೀತ ಪದ್ಧತಿಯುಂಟು. ಇಪ್ಪತ್ತನೆಯ ಶತಮಾನದಲ್ಲಿ ಅದರ ದೊಡ್ಡ ಗುರುಗಳಲ್ಲೊಬ್ಬನು ರೇಮಂಡ್ ಲೇರಿಸ್ ಎಂಬ ಯೆಹೂದ್ಯ. ಮುಸಲ್ಮಾನ ಗುರುಗಳಲ್ಲಿ ಕಲಿತವನು. ಮುಸಲ್ಮಾನರೂ ಅವನನ್ನು ‘ಶೇಖ್ ರೇಮಂಡ್’ ಎಂದು ಗೌರವದಿಂದ ಕರೆಯುತ್ತಿದ್ದರು. ಅಲ್ಲಿಯ ಒಡಕಿನ ಬೀಜವನ್ನು ಫ್ರೆಂಚರು ೧೮೭೦ರಲ್ಲಿಯೇ ಬಿತ್ತಿದ್ದರು. ಆ ವರ್ಷ ಒಂದು ಆಜ್ಞೆಯಿಂದ ಅಲ್ಜೀರಿಯಾದ ಯೆಹೂದ್ಯರನ್ನು ಫ್ರೆಂಚ್ ಪ್ರಜೆಗಳನ್ನಾಗಿ ಮಾಡಿ, ಅದೇ ಬೀದಿಯ ಮುಸಲ್ಮಾನನನ್ನು ಹಕ್ಕಿಲ್ಲದ ಆಳಾಗಿಯೇ ಇಟ್ಟರು. ಸ್ವಾತಂತ್ರ್ಯ ಯುದ್ಧದ ಕೊನೆಯ ಹಂತದಲ್ಲಿ, ೧೯೬೧ರ ಜೂನ್ ೨೨ರಂದು, ಶೇಖ್ ರೇಮಂಡನನ್ನು ಪೇಟೆಯಲ್ಲಿ ಹಾಡಹಗಲೇ ಗುಂಡಿಟ್ಟು ಕೊಂದರು. ಮರುವರ್ಷ ದೇಶ ಸ್ವತಂತ್ರವಾಗುವ ಹೊತ್ತಿಗೆ ಯೆಹೂದ್ಯರು ಹೆಚ್ಚು ಕಡಿಮೆ ಎಲ್ಲರೂ ಫ್ರಾನ್ಸಿನ ಹಡಗು ಹತ್ತಿದ್ದರು. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟ ನ್ಯಾಯವಾದದ್ದು. ಈ ಕೊಲೆ ನ್ಯಾಯವಾದದ್ದಲ್ಲ. ಎರಡನ್ನೂ ಹೇಳುವ ಧೈರ್ಯ ಸಮಾಜವಾದಿಗೆ ಇರಬೇಕು.

ನಮ್ಮ ನಿಲುವು

ಕೆಲವರು ಬಾಗ್ದಾದಿನ ಯೆಹೂದ್ಯರ ಕಣ್ಣೀರನ್ನು ತೋರಿಸಿ, ಪ್ಯಾಲೆಸ್ಟೈನಿ ರೈತ ತನ್ನ ಭೂಮಿ ಕಳೆದುಕೊಂಡದ್ದಕ್ಕೆ ಅದು ಸರಿಸಮವೆಂದು ಲೆಕ್ಕ ಮುಗಿಸುತ್ತಾರೆ. ಮತ್ತೆ ಕೆಲವರು ಪ್ಯಾಲೆಸ್ಟೈನಿಯರ ಕಣ್ಣೀರನ್ನು ತೋರಿಸಿ ಬಾಗ್ದಾದಿನ ವಾದ್ಯಗಾರನ ಮಾತೇ ಬೇಡವೆನ್ನುತ್ತಾರೆ. ಇದು ಕಿರಾಣಿ ಅಂಗಡಿಯ ಜಮಾ ಖರ್ಚಲ್ಲ. ಒಬ್ಬ ನಿರಾಶ್ರಿತನ ದುಃಖವನ್ನು ಇನ್ನೊಬ್ಬ ನಿರಾಶ್ರಿತನ ದುಃಖಕ್ಕೆ ವಜಾ ಹಾಕಿ ಶಿಲ್ಕು ಸೊನ್ನೆ ತೋರಿಸಲಾಗದು. ಎರಡು ಸಾಲವೂ ನಿಂತಿವೆ, ಎರಡನ್ನೂ ತೀರಿಸಬೇಕು.

ಇನ್ನು ಹೆಸರಿನ ಮಾತು. ನೀವು ನೇಯ್ದ ಬಟ್ಟೆಯ ಅಂಚಿನ ಮೇಲೆ ಗಿರಣಿಯ ಮುದ್ರೆ ಬೀಳುತ್ತದೆ, ನಿಮ್ಮ ಹೆಸರು ಬೀಳುವುದಿಲ್ಲ. ದುಡಿದವನ ಹೆಸರನ್ನು ಅಳಿಸುವುದು ಬಂಡವಳಶಾಹಿಯ ದಿನಚರಿ. ಸಾಲಿಹ್ ಅಲ್-ಕುವೈತಿಗೆ ಆದದ್ದೂ ಅದೇ. ಅಳಿಸಿದ ಕೈ ಮಾತ್ರ ಸರಕಾರದ್ದು. ‘ಪರಂಪರೆ’ ಎಂಬುದು ಆಕಾಶದಿಂದ ಉದುರುವುದಿಲ್ಲ. ಯಾರೋ ರಾತ್ರಿ ಕುಳಿತು ಮಟ್ಟು ಕಟ್ಟಿರುತ್ತಾರೆ, ಬೆರಳು ಸವೆಸಿರುತ್ತಾರೆ, ಕೂಲಿಗಾಗಿ ಕಾದಿರುತ್ತಾರೆ. ಅವರ ಹೆಸರನ್ನು ಒರೆಸಿ ಪರಂಪರೆಯನ್ನು ಪೂಜಿಸುವವರು ಕಳ್ಳಮಾಲಿಗೆ ಕುಂಕುಮ ಹಚ್ಚುವವರು.

ಒಳ್ಳೆಯ ಸುದ್ದಿಯೂ ಇದೆ. ೨೦೧೧ರಲ್ಲಿ ದಾವೂದನ ಮೊಮ್ಮಗ ದುದು ತಾಸಾ ಅಜ್ಜಂದಿರ ಹಾಡುಗಳನ್ನು ಅವರ ಅರಬ್ಬಿಯಲ್ಲಿಯೇ ಹೊಸದಾಗಿ ಹಾಡಿ ಹೊರತಂದನು. ಅಜ್ಜಂದಿರನ್ನು ತಳ್ಳಿದ ನಗರದಲ್ಲಿಯೇ ಅವರ ಹೆಸರಿನ ಬೀದಿಯೊಂದು ಇದೆ. ಇರಾಕಿನ ಮಕಾಮ್ ಪದ್ಧತಿಯನ್ನು ಮಾನವಕುಲದ ಪರಂಪರೆಯೆಂದು ಯುನೆಸ್ಕೊ ೨೦೦೩ರಲ್ಲಿ ಸಾರಿತು. ಇದರಿಂದ ಕಳೆದುಹೋದ ಊರು ಮರಳಿ ಬರುವುದಿಲ್ಲ. ಆದರೆ ಒಂದು ಸುಳ್ಳನ್ನು ಎಷ್ಟು ಸರಕಾರಗಳು ಸೇರಿ ಕಾವಲು ಕಾದರೂ ಅದು ಒಂದು ಹಳೆಯ ಪ್ಲೇಟಿನ ಮುಂದೆ ಸೋಲುತ್ತದೆ ಎಂಬುದು ಖಾತ್ರಿಯಾಗುತ್ತದೆ.

ಮುಂದೆ ಯಾರಾದರೂ ಬಂದು ‘ಆ ಎರಡು ಜನ ಕೂಡಿ ಬಾಳಿದ್ದೇ ಇಲ್ಲ, ಬಾಳುವುದೂ ಇಲ್ಲ’ ಎಂದು ನಿಮಗೆ ಹೇಳಿದರೆ, ಅದು ಅರಬ್ಬರ ಮಾತಿರಲಿ, ನಮ್ಮೂರಿನ ಯಾವ ಎರಡು ಕೇರಿಗಳ ಮಾತೇ ಇರಲಿ, ಎರಡು ಪ್ರಶ್ನೆ ಕೇಳಿ. ಮೊದಲು ಇವರು ಕೂಡಿ ಕಟ್ಟಿದ್ದು ಏನು? ಅದನ್ನು ಒಡೆದದ್ದರಿಂದ ಲಾಭವಾದದ್ದು ಯಾರಿಗೆ? ಈ ಎರಡು ಪ್ರಶ್ನೆಗೆ ಉತ್ತರ ಸಿಗುವ ತನಕ ಯಾರ ಮೇಲೂ ಕಲ್ಲೆತ್ತಬೇಡಿ. ಇಷ್ಟನ್ನು ಹೇಳಲೆಂದೇ ನಾನು ಹಾಡಿನ ಮಾತು ಎತ್ತಿದೆ.